ಧ್ರುವಪ್ರಭೆಗೆ ಕಾಯುವ ರಾತ್ರಿ ಯಾವ ಅಂಕಿಯನ್ನು ನೋಡಬೇಕು?

ನಾರ್ವೆಯ ಟ್ರೊಮ್ಸೊ ನಗರಕ್ಕೆ ಧ್ರುವಪ್ರಭೆಯನ್ನು, ಅಂದರೆ ಧ್ರುವಗಳ ಬಳಿ ರಾತ್ರಿಯ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕನ್ನು (ಅರೋರಾ), ನೋಡಲೆಂದೇ ಹೋಗುವವರಲ್ಲಿ ಅನೇಕರು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡು, ಅದರಲ್ಲಿ ಕೆಪಿ ಸೂಚ್ಯಂಕ 2ನ್ನು ದಾಟದಿದ್ದರೆ ಈ ರಾತ್ರಿ ಏನೂ ಕಾಣದೆಂದು ಕೋಣೆಯಲ್ಲೇ ಉಳಿದುಬಿಡುತ್ತಾರೆ. ಈ ಲೆಕ್ಕ ಸರಿಯಲ್ಲ. ಕೆಪಿ ಎಂಬುದು ಜಗತ್ತಿನ ಹಲವು ಕಡೆಯ ಕಾಂತಮಾಪಕಗಳ ಅಳತೆಯಿಂದ ಮೂರು ಗಂಟೆಗೊಮ್ಮೆ ತೆಗೆಯುವ, ಸೊನ್ನೆಯಿಂದ 9ರವರೆಗಿನ ಸೂಚ್ಯಂಕ. ಕಾಂತಧ್ರುವವನ್ನು ಸುತ್ತುವರಿದಿರುವ ಬೆಳಕಿನ ಉಂಗುರವು ದಕ್ಷಿಣದ ಕಡೆಗೆ ಎಷ್ಟು ಹಿಗ್ಗಿದೆ ಎಂಬುದನ್ನು ಅದು ಸ್ಥೂಲವಾಗಿ ತಿಳಿಸುತ್ತದೆಯೇ ಹೊರತು, ನೀವು ನಿಂತ ಜಾಗದಲ್ಲಿ ಇನ್ನರ್ಧ ಗಂಟೆಗೆ ಏನಾಗಬಹುದೆಂದು ಹೇಳುವುದಿಲ್ಲ. ಸ್ಕಾಟ್ಲೆಂಡಿನಲ್ಲಿಯೋ ಜರ್ಮನಿಯಲ್ಲಿಯೋ ಇರುವವರಿಗೆ ಈ ಅಂಕಿ ಮುಖ್ಯ. ಸುಮಾರು 69.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಟ್ರೊಮ್ಸೊಗಾದರೋ ಆ ಉಂಗುರ ಶಾಂತವಾದ ರಾತ್ರಿಗಳಲ್ಲಿಯೂ ಹತ್ತಿರದಲ್ಲೇ ಇರುತ್ತದೆ.

ಹಾಗಾದರೆ ನೋಡಬೇಕಾದದ್ದು ಯಾವುದನ್ನು? ಅದನ್ನು ಆರಿಸಲು ಬೆಳಕು ಹುಟ್ಟುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು. ಸೂರ್ಯನಿಂದ ಹೊರಟ ಕಣಗಳು ನೇರವಾಗಿ ಧ್ರುವಗಳೊಳಗೆ ನುಗ್ಗಿ ಹೊಳೆಯುತ್ತವೆ ಎಂಬ ವಿವರಣೆ ಬಹಳ ಕಡೆ ಓದಲು ಸಿಗುತ್ತದೆ. ಅದು ಅರ್ಧ ಸತ್ಯ. ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬರುವ ಈ ಕಣಗಳ ಹರಿವು, ಅಂದರೆ ಸೌರಮಾರುತವು, ತನ್ನೊಡನೆ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಭೂಮಿಯ ಹಗಲಿನ ಬದಿಯಲ್ಲಿ, ಭೂಮಿಯ ಕಾಂತಕ್ಷೇತ್ರ ಹರಡಿರುವ ವಲಯವಾದ ಕಾಂತಗೋಳದ ಅಂಚಿನಲ್ಲಿ, ನಮ್ಮ ಕ್ಷೇತ್ರವು ಉತ್ತರಾಭಿಮುಖವಾಗಿರುವುದರಿಂದ, ಬರುವ ಕ್ಷೇತ್ರವು ದಕ್ಷಿಣಾಭಿಮುಖವಾಗಿದ್ದಾಗ ಎರಡರ ಬಲರೇಖೆಗಳು ಕಡಿದು ಪರಸ್ಪರ ಹೊಸದಾಗಿ ಬೆಸೆದುಕೊಳ್ಳುತ್ತವೆ. ಹೀಗೆ ಬೆಸೆದ ರೇಖೆಗಳನ್ನು ಸೌರಮಾರುತವು ಭೂಮಿಯ ರಾತ್ರಿಯ ಬದಿಗೆ ಎಳೆದೊಯ್ದು, ಅಲ್ಲಿರುವ ಉದ್ದನೆಯ ಕಾಂತಬಾಲದಲ್ಲಿ ಶಕ್ತಿಯನ್ನು ಕೂಡಿಡುತ್ತದೆ. ಒಂದು ಮಿತಿಯ ನಂತರ ಬಾಲದೊಳಗಿನ ರೇಖೆಗಳು ಮತ್ತೆ ಕಡಿದು ಬೆಸೆದು, ಕೂಡಿದ್ದ ಶಕ್ತಿ ಒಮ್ಮೆಲೇ ಬಿಡುಗಡೆಯಾಗುತ್ತದೆ. ಬಲರೇಖೆಗಳ ಗುಂಟ ವೇಗ ಪಡೆದ ಎಲೆಕ್ಟ್ರಾನುಗಳು ವಾಯುಮಂಡಲದ ಮೇಲ್ಪದರಕ್ಕೆ ಬಂದು ಅಪ್ಪಳಿಸಿದಾಗ ನಮಗೆ ಕಾಣುವ ಬೆಳಕು ಹುಟ್ಟುತ್ತದೆ.

ಆದ್ದರಿಂದ ಆ್ಯಪಿನಲ್ಲಿ ಮೊದಲು ಹುಡುಕಬೇಕಾದದ್ದು ಬಿಜೆಡ್ ಎಂಬ ಅಂಕಿಯನ್ನು. ಸೌರಮಾರುತದ ಕಾಂತಕ್ಷೇತ್ರವು ಉತ್ತರ-ದಕ್ಷಿಣ ದಿಕ್ಕಿನಲ್ಲಿ ಎಷ್ಟಿದೆ ಎಂಬುದನ್ನು ಅದು ನ್ಯಾನೊಟೆಸ್ಲಾಗಳಲ್ಲಿ ತೋರಿಸುತ್ತದೆ, ಮೈನಸ್ ಚಿಹ್ನೆ ಇದ್ದರೆ ದಕ್ಷಿಣಾಭಿಮುಖ ಎಂದರ್ಥ. ಒಂದೆರಡು ನಿಮಿಷ ಮೈನಸ್‌ಗೆ ಇಳಿದು ಮತ್ತೆ ಏರಿದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೈನಸ್ 5ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ ಅರ್ಧ ಗಂಟೆ, ಒಂದು ಗಂಟೆ ನಿಂತಿದ್ದರೆ ಮಾತ್ರ ಬೂಟು ಹಾಕಿಕೊಂಡು ಹೊರಡುವುದು ಒಳ್ಳೆಯದು. ಸೌರಮಾರುತದ ವೇಗದ ಅಂಕಿಯೂ ಜೊತೆಗೆ ಸೆಕೆಂಡಿಗೆ 500 ಕಿಲೋಮೀಟರ್ ದಾಟಿದ್ದರೆ ಇನ್ನೂ ಉತ್ತಮ. ಈ ಅಳತೆಗಳು ಬರುವುದು ಭೂಮಿಯಿಂದ ಸೂರ್ಯನ ದಿಕ್ಕಿಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಎಲ್1 ಬಿಂದುವಿನ ಬಳಿಯ ನೌಕೆಗಳಿಂದ. 1997ರಲ್ಲಿ ಉಡಾವಣೆಯಾದ ಏಸ್, 2015ರ ಡಿಸ್ಕವರ್ ನೌಕೆಗಳು ಈ ಕೆಲಸಕ್ಕೆಂದೇ ಹೆಸರಾದವು; 2024ರ ಜನವರಿಯಲ್ಲಿ ಅದೇ ಬಿಂದುವಿನ ಸುತ್ತಲಿನ ಕಕ್ಷೆಗೆ ಸೇರಿದ ನಮ್ಮ ಆದಿತ್ಯ-ಎಲ್1 ಕೂಡ ಸೌರಮಾರುತವನ್ನೂ ಅದರ ಕಾಂತಕ್ಷೇತ್ರವನ್ನೂ ಅಳೆಯುತ್ತದೆ. ಆ ದೂರವನ್ನು 400 ಕಿಲೋಮೀಟರ್ ವೇಗದ ಮಾರುತ ಕ್ರಮಿಸಲು ಒಂದು ಗಂಟೆಗೆ ತುಸು ಹೆಚ್ಚು ಹಿಡಿಯುತ್ತದೆ, 800ರ ವೇಗದ್ದಕ್ಕೆ ಅರ್ಧ ಗಂಟೆ ಸಾಕು. ನಿಮಗೆ ಸಿಗುವ ನಂಬಲರ್ಹ ಮುನ್ಸೂಚನೆ ಇಷ್ಟೇ. ಮೂರು ದಿನ ಮೊದಲೇ ಗಂಟೆಗಂಟೆಯ ಭರವಸೆ ಕೊಡುವ ಪಟ್ಟಿಗಳನ್ನು ನೋಡಿ ಟಿಕೆಟಿನ ದಿನಾಂಕ ಬದಲಿಸುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಮೋಡದ ನಕ್ಷೆಗೂ ಅಷ್ಟೇ ಬೆಲೆ ಕೊಡಬೇಕು, ಏಕೆಂದರೆ ಧ್ರುವಪ್ರಭೆಯ ಕೆಳಗಿನ ಅಂಚೇ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿರುತ್ತದೆ, ಮೋಡಗಳೆಲ್ಲ ಅದಕ್ಕಿಂತ ಎಷ್ಟೋ ಕೆಳಗೆ. ಕರಾವಳಿಯ ಟ್ರೊಮ್ಸೊದಲ್ಲಿ ಮೋಡ ಕವಿದಿದ್ದರೆ ಒಳನಾಡಿನತ್ತ, ಫಿನ್ಲೆಂಡಿನ ಗಡಿಯ ಕಡೆಗೆ, ವಾಹನದಲ್ಲಿ ಹೋದವರಿಗೆ ಎಷ್ಟೋ ಸಲ ತಿಳಿಯಾದ ಆಕಾಶ ಸಿಗುತ್ತದೆ. ಸೆಪ್ಟೆಂಬರಿನಿಂದ ಮಾರ್ಚ್ ಕೊನೆಯವರೆಗಿನ ಕಾಲ ಸೂಕ್ತ. ಬೇಸಿಗೆಯಲ್ಲಿ ಅಲ್ಲಿ ಕತ್ತಲೆಯೇ ಆಗುವುದಿಲ್ಲ.

ಹೊರಗೆ ನಿಂತ ಮೇಲೆ ಫೋನನ್ನು ಜೇಬಿಗಿಟ್ಟು ಉತ್ತರದ ಆಕಾಶವನ್ನು ಗಮನಿಸಿ. ಮೊದಲಿಗೆ ಕಾಣುವುದು ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ ಚಾಚಿದ, ಬೂದು ಮೋಡವೆಂದೇ ಭ್ರಮೆ ಹುಟ್ಟಿಸುವ ಒಂದು ಮಂದವಾದ ಕಮಾನು. ಅದರ ಮೂಲಕ ನಕ್ಷತ್ರಗಳು ಮಂಕಾಗದೆ ಕಾಣುತ್ತಿದ್ದರೆ ಅದು ಮೋಡವಲ್ಲ. ಬಾಲದಲ್ಲಿ ಶಕ್ತಿ ಕೂಡುತ್ತಿರುವ ಹೊತ್ತಿಗೆ ಈ ಕಮಾನು ನಿಧಾನವಾಗಿ ದಕ್ಷಿಣಕ್ಕೆ ಸರಿಯುತ್ತದೆ, ಮತ್ತು ಇದೇ ಹಂತದಲ್ಲಿ ಬೇಸತ್ತು ವಾಪಸಾಗುವವರು ಹೆಚ್ಚು. ಅದರ ಕೆಳಗಿನ ಅಂಚು ಇದ್ದಕ್ಕಿದ್ದಂತೆ ಪ್ರಖರವಾದರೆ ಬಿಡುಗಡೆ ಶುರುವಾಯಿತೆಂದು ತಿಳಿಯಿರಿ. ಕೆಲವೇ ನಿಮಿಷಗಳಲ್ಲಿ ಕಮಾನು ಮಡಿಕೆ ಮಡಿಕೆಯಾಗಿ ಸುರುಳಿಗೊಂಡು, ಉತ್ತರದ ಕಡೆಗೆ ಹಬ್ಬುತ್ತ, ನೆತ್ತಿಯ ಮೇಲೆ ಬಂದಾಗ ಕಿರಣಗಳೆಲ್ಲ ಒಂದೇ ಬಿಂದುವಿನಿಂದ ಹೊಮ್ಮುವಂತೆ ತೋರುತ್ತದೆ. ವಾಸ್ತವದಲ್ಲಿ ಆ ಕಿರಣಗಳು ಬಲರೇಖೆಗಳಿಗೆ ಸಮಾನಾಂತರವಾಗಿದ್ದು, ನಾವು ಕೆಳಗಿನಿಂದ ನೋಡುವುದರಿಂದ ಹಾಗೆ ಕಾಣುತ್ತವೆ. ಆರ್ಭಟ ಮುಗಿದ ಮೇಲೆ ಕೆಲವು ಸೆಕೆಂಡುಗಳಿಗೊಮ್ಮೆ ಮಿನುಗಿ ಆರುವ ತೇಪೆಗಳು ಉಳಿಯುತ್ತವೆ. ಬಿಜೆಡ್ ಇನ್ನೂ ಮೈನಸ್‌ನಲ್ಲಿದ್ದರೆ ಇಡೀ ಚಕ್ರ ಮತ್ತೊಮ್ಮೆ ನಡೆಯುವ ಸಾಧ್ಯತೆ ಇರುತ್ತದೆ.

ಬಣ್ಣಗಳಿಂದ ಎತ್ತರವನ್ನು ಅಂದಾಜು ಮಾಡಬಹುದು. 100ರಿಂದ 150 ಕಿಲೋಮೀಟರಿನ ನಡುವೆ ಆಮ್ಲಜನಕದ ಪರಮಾಣುಗಳು 557.7 ನ್ಯಾನೋಮೀಟರ್ ತರಂಗಾಂತರದ ಹಸಿರನ್ನು ಹೊಮ್ಮಿಸುತ್ತವೆ, 200 ಕಿಲೋಮೀಟರಿನ ಮೇಲೆ ಅದೇ ಪರಮಾಣುಗಳು 630 ನ್ಯಾನೋಮೀಟರಿನ ಕೆಂಪನ್ನು ಕೊಡುತ್ತವೆ. ಒಂದೇ ಧಾತುವಿಗೆ ಎರಡು ಬಣ್ಣ ಏಕೆಂದರೆ, ಹಸಿರು ಬೆಳಕನ್ನು ಬಿಡಲು ಉದ್ರಿಕ್ತ ಪರಮಾಣುವಿಗೆ ಸರಾಸರಿ ಒಂದು ಸೆಕೆಂಡಿಗಿಂತ ಕಡಿಮೆ ಅವಧಿ ಸಾಕು, ಕೆಂಪಿಗೆ ಸುಮಾರು ಎರಡು ನಿಮಿಷ ಬೇಕು. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟು ಹೊತ್ತಿನೊಳಗೆ ಬೇರೊಂದು ಕಣ ಬಂದು ಡಿಕ್ಕಿ ಹೊಡೆದು ಶಕ್ತಿಯನ್ನು ಕಸಿದುಕೊಳ್ಳುತ್ತದೆ, ಹಾಗಾಗಿ ವಿರಳವಾದ ಎತ್ತರದಲ್ಲಷ್ಟೇ ಕೆಂಪು ಉಳಿಯುತ್ತದೆ. ಅತಿ ವೇಗದ ಎಲೆಕ್ಟ್ರಾನುಗಳು ಇನ್ನೂ ಕೆಳಗಿಳಿದು ಸಾರಜನಕವನ್ನು ತಾಕಿದಾಗ ಪರದೆಯಂತೆ ತೂಗುವ ಬೆಳಕಿನ ಕೆಳ ಅಂಚಿಗೆ ಗುಲಾಬಿ ಅಥವಾ ನೇರಳೆ ಬಣ್ಣ ಮೂಡುತ್ತದೆ. 2024ರ ಮೇ 10 ಮತ್ತು 11ರ ಮಹಾ ಕಾಂತಚಂಡಮಾರುತದ (ಭೂಮಿಯ ಕಾಂತಕ್ಷೇತ್ರದ ತೀವ್ರ ಕಲಕಾಟದ) ವೇಳೆ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ ಇರಿಸಿರುವ ಕ್ಯಾಮೆರಾಗಳಲ್ಲಿ ದಾಖಲಾದದ್ದೂ ಎತ್ತರದ ಆಮ್ಲಜನಕದ ಈ ಕೆಂಪು ಹೊಳಪೇ.

ಕೊನೆಯದಾಗಿ ಕಣ್ಣಿನ ವಿಷಯ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗುರುತಿಸುವ ಶಕ್ತಿ ಇರುವುದಿಲ್ಲವಾದ್ದರಿಂದ, ಫೋಟೋದಲ್ಲಿ ಕಡು ಹಸಿರಾಗಿ ಬರುವ ಕಮಾನು ಬರಿಗಣ್ಣಿಗೆ ಬೂದಾಗಿಯೇ ತೋರಬಹುದು. ಕತ್ತಲೆಗೆ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಕೊಡಿ, ಟಾರ್ಚ್ ಬೇಕಾದರೆ ಕೆಂಪು ಬೆಳಕಿನದನ್ನು ಬಳಸಿ. ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, ಒಂದು ಪ್ರಕಾಶಮಾನ ನಕ್ಷತ್ರಕ್ಕೆ ಕೈಯಿಂದಲೇ ಫೋಕಸ್ ಮಾಡಿ, ಐಎಸ್ಒ 1600ರಲ್ಲಿ ಐದಾರು ಸೆಕೆಂಡಿನ ಎಕ್ಸ್‌ಪೋಷರಿನಿಂದ ಆರಂಭಿಸಿ. ಬೆಳಕಿನ ಪರದೆ ವೇಗವಾಗಿ ಕುಣಿಯತೊಡಗಿದಾಗ ಎಕ್ಸ್‌ಪೋಷರನ್ನು ಒಂದೆರಡು ಸೆಕೆಂಡಿಗೆ ಇಳಿಸದಿದ್ದರೆ ಮಡಿಕೆಗಳೆಲ್ಲ ಅಳಿಸಿಹೋಗಿ ಹಸಿರು ಮಂಜಷ್ಟೇ ಬರುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಇನ್ನೊಂದನ್ನು ಕೋಟಿನ ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡಿರಿ.