ಗೇರುಹಣ್ಣಿನ ಸುಗ್ಗಿಯಲ್ಲಿ ಗೋವಾ: ಹುಬ್ಬಳ್ಳಿಯಿಂದ ಇಬ್ಬರೇ ಹೋಗಿ ಉರಾಕ್, ಫೆನಿ ರುಚಿ ನೋಡುವುದು ಹೇಗೆ

ಹುಬ್ಬಳ್ಳಿಯಿಂದ ಗೋವಾಕ್ಕೆ ಹೋಗುವವರಲ್ಲಿ ಬಹಳ ಮಂದಿ ಡಿಸೆಂಬರ್‌ನಲ್ಲಿ ಹೋಗುತ್ತಾರೆ, ನೇರ ಬೀಚಿಗೆ. ನೀವು ಗಂಡ ಹೆಂಡತಿ ಏಪ್ರಿಲ್‌ನಲ್ಲಿ ಹೊರಡಿ. ಮೊದಲು ಗುಡ್ಡದ ಕಡೆ ಹೋಗಿ, ಆಮೇಲೆ ಕಡಲಿಗೆ ಇಳಿಯಿರಿ. ಬಿಸಿಲು ಜಾಸ್ತಿ, ನಿಜ. ಆದರೆ ಗೇರುಹಣ್ಣು ಉದುರುವುದು ಆಗಲೇ. ಆ ಹಣ್ಣಿನಿಂದ ಇಳಿಸುವ ಸಾರಾಯಿ ಎರಡು, ಉರಾಕ್ ಮತ್ತು ಫೆನಿ. ಉರಾಕ್ ಸಿಗುವುದು ಸುಗ್ಗಿಯಲ್ಲಿ ಮಾತ್ರ.

ನನ್ನದು ಮಸಾಲೆ ಪುಡಿ ವ್ಯಾಪಾರ. ಬ್ಯಾಡಗಿ ಮೆಣಸಿನಕಾಯಿ ಚೀಲ ಬಿಚ್ಚಿ, ಮೂಸಿ ನೋಡಿ, ಮಾಲು ಹಳೆಯದೋ ಹೊಸದೋ ಹೇಳುವುದು ದಿನದ ಕೆಲಸ. ಅದಕ್ಕೇ ನನಗೆ ಈ ಪ್ರವಾಸ ಅಂದರೆ ಮೊದಲು ವಾಸನೆ, ಆಮೇಲೆ ರುಚಿ.

ಹೊರಡುವ ಮುಂಚೆ ಮನೆಯಲ್ಲೇ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ದಿನಕ್ಕೆ ಒಬ್ಬರೇ ರುಚಿ ನೋಡುವುದು, ಇನ್ನೊಬ್ಬರು ಗಾಡಿ ಓಡಿಸುವುದು. ಮರುದಿನ ಅದಲು ಬದಲು. ಇಬ್ಬರಲ್ಲಿ ಒಬ್ಬರಿಗೆ ಡ್ರೈವಿಂಗ್ ಬರದಿದ್ದರೆ ರುಚಿ ನೋಡುವ ದಿನಕ್ಕೆ ಬಾಡಿಗೆ ಟ್ಯಾಕ್ಸಿ ಮಾಡಿ. ‘ಒಂದೇ ಗುಟುಕು, ಏನೂ ಆಗಲ್ಲ’ ಅನ್ನುವುದು ಬೇಡ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಕೇಸು. ಮೊದಲ ಸಲ ಸಿಕ್ಕಿದರೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಕೇಸಿನ ಮಾತು ಬಿಡಿ, ಘಾಟಿನ ತಿರುವುಗಳು ಯಾರ ಮುಲಾಜೂ ನೋಡುವುದಿಲ್ಲ.

ಬೆಳಿಗ್ಗೆ ಬೇಗ ಹೊರಟರೆ ಬೆಳಗಾವಿಯಲ್ಲಿ ನಾಷ್ಟಾ. ಅಲ್ಲಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್. ರಸ್ತೆ ಹೇಗಿದೆ ಅಂತ ಹಿಂದಿನ ದಿನವೇ ಯಾರನ್ನಾದರೂ ಕೇಳಿಕೊಳ್ಳಿ, ಒಂದೊಂದು ವರ್ಷ ಒಂದೊಂದು ಥರ ಇರುತ್ತದೆ. ಕಣಕುಂಬಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹುಬ್ಬಳ್ಳಿ ಧಾರವಾಡದ ನಲ್ಲಿಗೆ ಬರುವ ಮಲಪ್ರಭೆ ಹುಟ್ಟುವುದು ಅಲ್ಲೇ. ನೀರಿಗಾಗಿ ದಿನ ಎಣಿಸುವ ಊರಿನವರು ಆ ಜಾಗ ನೋಡದೆ ಮುಂದೆ ಹೋಗಬಾರದು ಅಂತ ನನ್ನ ಅಭಿಪ್ರಾಯ.

ಘಾಟ್ ಇಳಿದರೆ ಸಾಖಳಿ, ಅಲ್ಲಿಂದ ವಾಳಪೈ. ಇದು ಸತ್ತರಿ ತಾಲ್ಲೂಕು, ಗೇರು ತೋಟಗಳ ಸೀಮೆ. ಎಸಿ ಆರಿಸಿ, ಕಿಟಕಿ ಇಳಿಸಿ. ಹುಳಿ ಸಿಹಿ ಬೆರೆತ, ಸ್ವಲ್ಪ ಕೊಳೆತಂಥ ಹಣ್ಣಿನ ವಾಸನೆಗೆ ಕಟ್ಟಿಗೆ ಹೊಗೆ ಸೇರಿ ಬಂದರೆ ಹತ್ತಿರದಲ್ಲೇ ಸಾರಾಯಿ ಇಳಿಸುವ ಭಟ್ಟಿ ಇದೆ ಅಂತ ಅರ್ಥ. ಇಲ್ಲವಾದರೆ ವಾಳಪೈ ಪೇಟೆಯಲ್ಲಿ ಕೇಳಿ, ದಾರಿ ತೋರಿಸುತ್ತಾರೆ. ಅಲ್ಲೇ ಸುತ್ತಮುತ್ತ ಒಂದು ಹೋಮ್‌ಸ್ಟೇಯಲ್ಲಿ ರಾತ್ರಿ ಉಳಿಯುವುದು ಒಳ್ಳೆಯದು.

ಭಟ್ಟಿಗೆ ಬೆಳಿಗ್ಗೆಯೇ ಹೋಗಿ. ಅದು ದುಡಿಯುವ ಜಾಗ, ಹೋಟೆಲ್ ಅಲ್ಲ. ಕೇಳಿಯೇ ಒಳಗೆ ಕಾಲಿಡಿ, ಕೇಳಿಯೇ ಫೋಟೋ ತೆಗೆಯಿರಿ. ಗೇರುಹಣ್ಣನ್ನು ಮರದಿಂದ ಕೀಳುವುದಿಲ್ಲ, ಮಾಗಿ ತಾನಾಗಿ ಬಿದ್ದದ್ದನ್ನು ಆರಿಸಿ ತರುತ್ತಾರೆ. ಬೀಜ ತಿರುವಿ ತೆಗೆದು, ಹಣ್ಣನ್ನು ಕೋಳಂಬಿಯಲ್ಲಿ ಕಾಲಿನಿಂದ ತುಳಿಯುತ್ತಾರೆ. ಕೋಳಂಬಿ ಅಂದರೆ ಬಂಡೆಯಲ್ಲಿ ಕಡೆದ ತೊಟ್ಟಿ. ಈಗ ಬಹಳ ಕಡೆ ಯಂತ್ರ ಬಂದಿದೆ, ಆದರೆ ತುಳಿಯುವವರೂ ಇದ್ದಾರೆ. ತುಳಿದು ಉಳಿದ ಚರಟವನ್ನು ಗುಡ್ಡೆ ಮಾಡಿ, ಬಳ್ಳಿ ಸುತ್ತಿ, ಮೇಲೆ ಕಲ್ಲು ಹೇರುತ್ತಾರೆ. ಆಗ ತೊಟ್ಟಿಕ್ಕುವ ತಿಳಿ ರಸವೇ ನೀರೋ.

ಗಾಡಿ ಓಡಿಸುವವರ ಪಾಲು ಇದು. ನೀರೋದಲ್ಲಿ ಅಮಲಿಲ್ಲ. ಮೊದಲು ಸಿಹಿ, ಆಮೇಲೆ ನಾಲಿಗೆ ಒಗರು, ಕೊನೆಗೆ ಗಂಟಲಲ್ಲಿ ಸಣ್ಣ ಕೆರೆತ. ಚಿಟಿಕೆ ಉಪ್ಪು ಹಾಕಿ ಕುಡಿದರೆ ಕೆರೆತ ಕಡಿಮೆ. ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ರುಚಿಯಾದದ್ದು ಇದೇ. ಆದರೆ ಆಗಷ್ಟೇ ಇಳಿದದ್ದನ್ನೇ ಕೇಳಿ ಕುಡಿಯಿರಿ. ಆ ಸೆಕೆಗೆ ಕೆಲವೇ ಗಂಟೆಗಳಲ್ಲಿ ಹುಳಿಯೇರಲು ಶುರುವಾಗುತ್ತದೆ, ಆಮೇಲೆ ಅದು ಡ್ರೈವರ್ ಪಾಲಲ್ಲ. ಇನ್ನೊಂದು ಮಾತು, ಹಸಿ ಗೇರುಬೀಜ ಕಚ್ಚಬೇಡಿ. ಸಿಪ್ಪೆಯ ಎಣ್ಣೆಗೆ ಬಾಯಿ, ಚರ್ಮ ಸುಟ್ಟು ಹೋಗುತ್ತದೆ.

ತುಳಿದು ತೆಗೆದ ರಸವನ್ನು ಕೆಲವು ದಿನ ಹುಳಿಯಲು ಬಿಟ್ಟು ತಾಮ್ರದ ಹಂಡೆಯಲ್ಲಿ ಕಾಯಿಸುತ್ತಾರೆ. ಮೊದಲ ಸಲ ಇಳಿಯುವುದು ಉರಾಕ್, ಅಮಲು ಸುಮಾರು ನೂರಕ್ಕೆ ಹದಿನೈದು. ಆ ಉರಾಕನ್ನು ಹುಳಿತ ರಸದ ಜೊತೆ ಸೇರಿಸಿ ಮತ್ತೆ ಇಳಿಸಿದರೆ ಫೆನಿ, ಅದು ನಲವತ್ತರ ಮೇಲೆ. ಗೇರು ಮರವನ್ನು ಬ್ರೆಜಿಲ್‌ನಿಂದ ತಂದವರು ಪೋರ್ಚುಗೀಸರು. ಅದರ ಹಣ್ಣಿನ ಫೆನಿಗೆ 2009ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಆ ಸೀಮೆಯದ್ದೇ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. 2016ರಲ್ಲಿ ಗೋವಾ ಸರ್ಕಾರ ಅದನ್ನು ‘ಹೆರಿಟೇಜ್’ ಪಾನೀಯ ಎಂದು ಗುರುತಿಸಿತು. ಅಲ್ಲಿಯವರೆಗೆ ಲೆಕ್ಕದಲ್ಲಿ ಅದು ಬರೀ ನಾಡಸಾರಾಯಿ.

ಈಗ ರುಚಿ ನೋಡುವುದು. ಹೊಟ್ಟೆ ಖಾಲಿ ಇರಬಾರದು. ನಾನು ಮನೆಯಿಂದ ಕಡಕ್ ಭಕ್ಕರಿ, ಶೇಂಗಾ ಚಟ್ನಿ ಒಯ್ಯುತ್ತೇನೆ. ಅತ್ತರು, ಸೆಂಟು ಆ ದಿನ ಬೇಡ, ಬಾಯಲ್ಲಿ ಅಡಿಕೆಯೂ ಬೇಡ. ಉರಾಕ್ ಮೊದಲು, ಫೆನಿ ಆಮೇಲೆ. ಫೆನಿ ಮೊದಲಾದರೆ ಉರಾಕ್ ಬರೀ ನೀರು ಅನ್ನಿಸಿಬಿಡುತ್ತದೆ. ಗ್ಲಾಸಿನ ತಳ ಮುಚ್ಚುವಷ್ಟು ಸಾಕು.

ಗ್ಲಾಸಿನೊಳಗೆ ಮೂಗು ತೂರಿಸಬೇಡಿ, ಘಾಟು ಹೊಡೆದು ಮೂಗು ಕೆಲಸ ನಿಲ್ಲಿಸುತ್ತದೆ. ಗದ್ದದ ಹತ್ತಿರ ಹಿಡಿದು, ಬಾಯಿ ಅರ್ಧ ತೆರೆದು ಉಸಿರೆಳೆಯಿರಿ. ಫೆನಿಯಾದರೆ ಎರಡು ಹನಿ ಅಂಗೈಗೆ ಹಾಕಿ ಉಜ್ಜಿ, ಅಮಲಿನ ಘಾಟು ಆರಲು ಬಿಡಿ. ಉಳಿದದ್ದನ್ನು ಮೂಸಿ. ಒಳ್ಳೆಯ ಫೆನಿಯಾದರೆ ಅಂಗೈಯಲ್ಲಿ ಗೇರುಹಣ್ಣು ನಿಲ್ಲುತ್ತದೆ. ಬರೀ ಸ್ಪಿರಿಟ್ ವಾಸನೆ ಬಂದರೆ ಆ ಗ್ಲಾಸು ಪಕ್ಕಕ್ಕಿಡಿ. ನಮ್ಮವರು ಮೊದಲ ಸಲ ಮೂಸಿ, ‘ಏನಲೇ ಇದು, ಹಿಂಗ್ಯಾಕ ನಾರತೈತಿ?’ ಅಂದರು. ‘ಸುಮ್ನ ಅಂಗೈ ಮೂಸ್ರಿ’ ಅಂದೆ. ಮೂಸಿದರು. ಆಮೇಲೆ ಊಟಕ್ಕೆ ಕೂತಾಗಲೂ ಕೈ ತೊಳೆಯಲು ಒಲ್ಲೆ ಅಂದರು. ಮೂಗು ದಣಿದರೆ ನಿಮ್ಮದೇ ಸೀರೆ ಸೆರಗೋ, ಅಂಗಿ ತೋಳೋ ಮೂಸಿ, ಸುಧಾರಿಸಿಕೊಳ್ಳುತ್ತದೆ. ಚೀಲಗಳ ನಡುವೆ ನಾನು ಮಾಡುವುದೂ ಅದನ್ನೇ.

ಸಂಜೆ ತಂಗುವ ಜಾಗಕ್ಕೆ ಬಂದ ಮೇಲೆ, ಉರಾಕನ್ನು ಗೋವಾದವರ ಹಾಗೆ ಮಾಡಿ ನೋಡಿ. ಲಿಮ್ಕಾ, ನಿಂಬೆರಸ, ಉಪ್ಪು, ಸೀಳಿದ ಹಸಿಮೆಣಸಿನಕಾಯಿ, ಐಸು. ಮೆಣಸಿನಕಾಯಿಯ ಪರಿಮಳ ಬೇಕು, ಖಾರ ಬೇಡ. ಹಾಗಾಗಿ ಬೀಜ ತೆಗೆದು ಹಾಕಿ.

ಭಟ್ಟಿ ನೋಡಿದ ಮರುದಿನ ಪಣಜಿ ದಾಟಿ ದಕ್ಷಿಣಕ್ಕೆ ಇಳಿಯಿರಿ. ಕಾಂಸಾವ್ಲಿಯಲ್ಲಿ ಕಾಜುಲೋ ಅನ್ನುವ ಫೆನಿ ಬ್ರ್ಯಾಂಡಿನವರ ನೆಲಮಾಳಿಗೆ ಇದೆ. ಗರಾಫಾವ್ ಅನ್ನುವ ದೊಡ್ಡ ಹೊಟ್ಟೆಯ ಗಾಜಿನ ಬುರುಡೆಗಳಲ್ಲಿ ಹಳೆಯ ಫೆನಿ ಇಟ್ಟಿರುತ್ತಾರೆ. ಮೊದಲೇ ಬುಕ್ ಮಾಡಿ ಹೋಗಬೇಕು. ಭಟ್ಟಿಯಲ್ಲಿ ಬಿಸಿಬಿಸಿ ಇಳಿದದ್ದನ್ನು ಮೂಸಿದ ಮೂಗಿಗೆ, ವರ್ಷಗಟ್ಟಲೆ ಕೂತ ಫೆನಿಯ ಮೆತ್ತಗಿನ ವಾಸನೆ ಚೆನ್ನಾಗಿ ಗೊತ್ತಾಗುತ್ತದೆ. ಗುಡ್ಡ ಮೊದಲು ಅಂತ ಹೇಳಿದ್ದು ಇದಕ್ಕೇ. ದಕ್ಷಿಣ ಗೋವಾದಲ್ಲಿ ತೆಂಗಿನ ಕಳ್ಳಿನಿಂದ ಇಳಿಸುವ ತೆಂಗಿನ ಫೆನಿಯೂ ಸಿಗುತ್ತದೆ. ಅದು ಬೇರೆಯೇ ಸಾಮಾನು, ಗೇರಿನಷ್ಟು ಜೋರಿಲ್ಲ. ಬಾಟಲಿ ಕೊಳ್ಳುವುದಾದರೆ ಲೈಸೆನ್ಸ್ ಇರುವ ಅಂಗಡಿಯಲ್ಲೇ, ಅದೂ ಸೀಲ್ ನೋಡಿ, ರಾತ್ರಿಗೆ ಬೇಕಾದಷ್ಟು ಸಣ್ಣದು.

ಯಾಕೆಂದರೆ ಪರ್ಮಿಟ್ ಇಲ್ಲದೆ ಅದನ್ನು ಮನೆಗೆ ತರುವಂತಿಲ್ಲ. ವಾಪಸ್ಸು ಬರುವುದು ಕಾಣಕೋಣ, ಕಾರವಾರ, ಅಂಕೋಲಾ, ಅರಬೈಲ್ ಘಾಟ್, ಯಲ್ಲಾಪುರದ ಮೇಲೆ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ನೋಡುತ್ತಾರೆ. ಪರ್ಮಿಟ್ ಇಲ್ಲದ ಗೋವಾ ಮದ್ಯ ಸಿಕ್ಕರೆ ಜಪ್ತಿ, ಕೇಸು. ಉಳಿದಿದ್ದರೆ ಹೋಮ್‌ಸ್ಟೇಯವರಿಗೆ ಕೊಟ್ಟು ಬನ್ನಿ.

ಡಿಕ್ಕಿ ತುಂಬಿಸಲು ಬೇರೆ ಬೇಕಾದಷ್ಟಿದೆ. ಹುರಿದ ಗೇರುಬೀಜ, ಒಣಗಿದ ಕೋಕಂ, ತೆಂಗಿನ ಕಳ್ಳಿನ ವಿನೆಗರ್. ಈ ವಿನೆಗರ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ಬೆಳ್ಳುಳ್ಳಿ ಜೊತೆ ರುಬ್ಬಿದರೆ ಸಿಗುವ ಚಟ್ನಿಗೆ ನಮ್ಮ ಮನೆಯಲ್ಲಿ ಜಗಳ ಆಗುತ್ತದೆ. ಬಾಟಲಿ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ರಬ್ಬರ್ ಹಾಕಿ, ನಿಲ್ಲಿಸಿಯೇ ಇಡಿ. ಅರಬೈಲ್ ತಿರುವುಗಳಲ್ಲಿ ಉರುಳಿದರೆ ಹುಬ್ಬಳ್ಳಿ ಮುಟ್ಟುವವರೆಗೂ ಗಾಡಿಯೆಲ್ಲ ಹುಳಿ ವಾಸನೆ.