ಕೋಡಿ ಇತ್ಲಾಗೆ ಬರ್ತದೆ: ಸಭೆಗಳಲ್ಲಿ ಚಿತ್ರ ಬರೆದ ನನ್ನ ಅನುಭವ

ಕೋಲಾರ ಜಿಲ್ಲೆಯ ಒಂದು ಹಳ್ಳಿ. ಕೆರೆ ಹೂಳೆತ್ತುವ ವಿಚಾರಕ್ಕೆ ಊರಿನವರು ಶಾಲೆಯಲ್ಲಿ ಸೇರಿದ್ದರು. ನಾನು ಗೋಡೆಗೆ ಎಂಟಡಿ ಉದ್ದದ ಖಾಕಿ ಕಾಗದ ಅಂಟಿಸಿ, ಅವರ ಮಾತು ನಡೆಯುತ್ತಿದ್ದ ಹಾಗೇ ಬರೆಯುತ್ತಾ ಹೋದೆ. ಏರಿ, ತೂಬು, ಕೆಳಗೆ ಅಚ್ಚುಕಟ್ಟು, ಎಡಕ್ಕೆ, ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹರಿಯುವ ಕೋಡಿ. ಅರ್ಧ ಗಂಟೆಯಿಂದ ತುಟಿ ಬಿಚ್ಚದೆ ಹಿಂದೆ ಕೂತಿದ್ದ ಹಿರಿಯ ನೀರಗಂಟಿಯೊಬ್ಬರು, ಎಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವರು, ಎದ್ದು ಬಂದರು.

‘ಅಲ್ಲಪ್ಪಾ, ಕೋಡಿ ಇತ್ಲಾಗೆ ಬರ್ತದೆ. ನೀನು ಬರ್ದಿರೋ ಕಡೆ ಹರಿದ್ರೆ ನೀರು ಊರೊಳಕ್ಕೇ ನುಗ್ತದೆ.’

ಮಾರ್ಕರ್ ಅವರ ಕೈಗೆ ಕೊಟ್ಟೆ. ಬಲಕ್ಕೆ ಕೋಡಿ ಎಳೆದರು. ಅಲ್ಲಿಂದ ಕೆಳಗಿನ ಊರಿನ ಕೆರೆಗೆ ಕಾಲುವೆ ಎಳೆದು, ನಡುವೆ ಎರಡು ಕಡೆ ಅಡ್ಡಗೆರೆ ಹಾಕಿದರು. ‘ಇಲ್ಲಿ ಮುಚ್ಚವ್ರೆ. ಇಲ್ಲೂ.’ ಅಲ್ಲಿಯವರೆಗೆ ಒತ್ತುವರಿಯ ಮಾತನ್ನು ಯಾರೂ ಎತ್ತಿರಲಿಲ್ಲ. ಗೆರೆ ಬಿದ್ದ ಮೇಲೆ ಸಭೆ ಅದರ ಸುತ್ತಲೇ ನಡೆಯಿತು.

ನಾನು ಈ ಕೆಲಸ ಕಲಿತದ್ದು ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣಗಳಲ್ಲಿ. ಗ್ರಾಫಿಕ್ ರೆಕಾರ್ಡಿಂಗ್ ಎಂಬ ಈ ಪದ್ಧತಿಯನ್ನು 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಡೇವಿಡ್ ಸಿಬೆಟ್ ಮೊದಲಾದವರು ಬೆಳೆಸಿದರು. ನಮ್ಮ ಹಳ್ಳಿಗಳಲ್ಲೂ ಜನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ತಮ್ಮೂರಿನ ನಕ್ಷೆ ಬಿಡಿಸುವ ಪಿ.ಆರ್.ಎ. (ಸಹಭಾಗಿ ಗ್ರಾಮೀಣ ಸಮೀಕ್ಷೆ) ಪದ್ಧತಿಯನ್ನು ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು 1990ರ ಆಸುಪಾಸಿನಲ್ಲೇ ಬಳಸಿದ್ದವು. ನನಗೆ ಹೆಚ್ಚು ಕಲಿಸಿದ್ದು ಈ ಎರಡನೆಯದೇ.

ಶುರುವಿನಲ್ಲಿ ಭಾಷಣಕಾರರ ಮುಖ ಚೆನ್ನಾಗಿ ಬರಬೇಕೆಂದು ಹಟ ಹಿಡಿಯುತ್ತಿದ್ದೆ. ಒಮ್ಮೆ ಮೂಗು, ಕನ್ನಡಕ ತಿದ್ದುತ್ತಾ ನಿಂತವನಿಗೆ ಅವರ ಮುಖ್ಯ ಮಾತೇ ಕಿವಿಗೆ ಬೀಳಲಿಲ್ಲ. ಆಮೇಲೆ ಮುಖ ಬರೆಯುವುದನ್ನೇ ಬಿಟ್ಟೆ. ಈಗ ಮನುಷ್ಯ ಎಂದರೆ ಒಂದು ಸೊನ್ನೆ, ಕೆಳಗೊಂದು ಮೈ, ಅಷ್ಟೇ. ಮೊದಲು ಕಪ್ಪು ಮಾರ್ಕರಿನಲ್ಲಿ ಮಾತು, ಪಕ್ಕದಲ್ಲಿ ಚಿತ್ರ. ಬಣ್ಣವನ್ನು ಚಹಾ ವಿರಾಮದಲ್ಲಿ ತುಂಬುತ್ತೇನೆ. ಕೇಳಿದ ತಕ್ಷಣ ಬರೆಯಲು ಕೈ ಹಾಕುವುದಿಲ್ಲ, ಆ ಮಾತು ಮುಗಿಯುವವರೆಗೆ ಕಾಯುತ್ತೇನೆ. ಆಮೇಲೆ ಬರುವ ಮಾತು ಸೇರಿಸಲು ಕಾಗದದ ಕಾಲು ಭಾಗ ಖಾಲಿ ಇಡುತ್ತೇನೆ. ಕಾಗದದ ಹಿಂದೆ ಇನ್ನೊಂದು ಪದರ ಹಾಕಲೇಬೇಕು, ಇಲ್ಲದಿದ್ದರೆ ಶಾಯಿ ಗೋಡೆಗೆ ಇಳಿಯುತ್ತದೆ.

ಎಲ್ಲಕ್ಕಿಂತ ಕಷ್ಟ, ಒಪ್ಪಿಗೆಯಾಗದ ಮಾತನ್ನು ಬರೆಯುವುದು. ಅದೇ ಸಭೆಯಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ನೀರಿನ ಮಾತು ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ‘ಬೋರಲ್ಲಿ ನೀರು ಮ್ಯಾಕೆ ಬಂತು’ ಎಂದರು ಒಬ್ಬರು. ‘ಆ ನೀರು ಮಕ್ಕಳಿಗೆ ಕುಡಿಸಬೌದಾ?’ ಎಂದು ಕೇಳಿದರು ಒಬ್ಬ ತಾಯಿ. ಒಂದೇ ಕೊಳವೆಬಾವಿ ಬರೆದೆ: ಒಂದು ಪಕ್ಕ ಮೇಲಕ್ಕೆ ಬಾಣ, ಇನ್ನೊಂದು ಪಕ್ಕ ಲೋಟ, ಲೋಟದ ಮೇಲೆ ಬಾಣದಷ್ಟೇ ದೊಡ್ಡ ಪ್ರಶ್ನೆಚಿಹ್ನೆ. ಆ ಚಿಹ್ನೆಯನ್ನು ಸಣ್ಣದು ಮಾಡಿ ಎಂದು ಆಮೇಲೆ ಒಬ್ಬರು ಹೇಳಿದರು. ಮಾಡಲಿಲ್ಲ. ಆ ತಾಯಿ ಕೇಳಿದ್ದು ಆ ಗಾತ್ರದಲ್ಲೇ.

ಹಾಳೆಯನ್ನು ನಾನು ತರುವುದಿಲ್ಲ. ಫೋಟೊ ತೆಗೆದುಕೊಂಡು ಅಲ್ಲೇ ಬಿಟ್ಟು ಬರುತ್ತೇನೆ. ತಿಂಗಳ ಮೇಲೆ ಆ ಶಾಲೆಗೆ ಹೋದಾಗ ಹಾಳೆ ಗೋಡೆಯಲ್ಲೇ ಇತ್ತು. ನೀರಗಂಟಿಯ ಎರಡು ಅಡ್ಡಗೆರೆಗಳ ಪಕ್ಕದಲ್ಲಿ ಯಾರೋ ನೀಲಿ ಬಾಲ್ ಪೆನ್ನಿನಲ್ಲಿ ಸರ್ವೆ ನಂಬರ್ ಬರೆದಿದ್ದರು.