ನಾನೇ ಹಾಕಿಸಿದ ಸಿಮೆಂಟನ್ನು ನಾನೇ ಕೀಳಿಸಿದೆ

ಜೂನ್ ತಿಂಗಳ ಒಂದು ಭಾನುವಾರ. ಹೊರಗೆ ಧೋ ಎಂದು ಮಳೆ, ನಮ್ಮ ಚರ್ಚಿನ ಒಳಗೆ ಪ್ರಸಂಗ, ಅಂದರೆ ಪಾದ್ರಿಗಳ ಉಪದೇಶ, ನಡೆಯುತ್ತಿತ್ತು. ಉತ್ತರದ ಗೋಡೆಯಿಂದ ಅಂಗೈಗಿಂತ ದೊಡ್ಡದೊಂದು ಸಾರಣೆಯ ತುಂಡು ಕಳಚಿ ಖಾಲಿ ಬೆಂಚಿನ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಸಭಾಪಾಲಕರು ಒಂದು ಕ್ಷಣ ನಿಲ್ಲಿಸಿ ಮತ್ತೆ ಮುಂದುವರಿಸಿದರು. ಆಮೇಲೆ ಪ್ರಸಂಗ ಕೇಳಿದವರು ಯಾರೂ ಇರಲಿಕ್ಕಿಲ್ಲ. ಎಲ್ಲರೂ ಮೊದಲು ಗೋಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ನನ್ನನ್ನು ಯಾಕೆಂದರೆ, ಊರಲ್ಲಿ ಮನೆ ಪ್ಲಾನು ಹಾಕಿಕೊಡುವ ಸಿವಿಲ್ ಇಂಜಿನಿಯರ್ ನಾನು. ನಮ್ಮ ಸಭೆಯ, ಅಂದರೆ ಚರ್ಚಿಗೆ ಸೇರಿದ ಮನೆಯವರ, ಕಟ್ಟಡ ಸಮಿತಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಇದ್ದೇನೆ. ಊರಿನ ಹೆಸರು ಬರೆಯುವುದಿಲ್ಲ, ಜಗಳ ಈಗಷ್ಟೇ ತಣ್ಣಗಾಗಿದೆ. ಕರಾವಳಿಯ ಒಂದು ಸಣ್ಣ ಪೇಟೆ ಅಂತ ಇಟ್ಟುಕೊಳ್ಳಿ. ನೂರ ನಲವತ್ತು ಮನೆಯವರ ಸಭೆ. ನೂರಿಪ್ಪತ್ತು ವರ್ಷ ದಾಟಿದ ಕಟ್ಟಡ. ನಮ್ಮವರು ಚರ್ಚಿಗೆ ದೇವಾಲಯ ಅಂತಲೇ ಹೇಳುವುದು, ನಾನೂ ಹಾಗೇ ಬರೆಯುತ್ತೇನೆ.

ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಕಾಲದಲ್ಲಿ ಕರಾವಳಿಯಲ್ಲಿ ಎದ್ದ ಇಂಥ ದೇವಾಲಯಗಳ ಮೈಕಟ್ಟು ಹೆಚ್ಚುಕಮ್ಮಿ ಒಂದೇ. ಎರಡಡಿ ದಪ್ಪದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ, ಸುಣ್ಣದ ಗಾರೆ, ಎತ್ತರದ ಮಾಡು, ಅದರ ಮೇಲೆ ಮಂಗಳೂರು ಹಂಚು. ಆಡಂಬರ ಇಲ್ಲ. ಯುರೋಪಿನ ಚರ್ಚಿನ ಫೋಟೋ ತಲೆಯಲ್ಲಿಟ್ಟುಕೊಂಡು ಬಂದವರಿಗೆ ಹಳೇ ಶಾಲೆಯ ಹಾಗೆ ಕಾಣಬಹುದು.

ಆ ವಾರವೇ ಸಾಮಾನ್ಯ ಸಭೆ ಕರೆದೆವು. ಮುಕ್ಕಾಲು ಪಾಲು ಜನ ಹೇಳಿದ್ದು ಒಂದೇ ಮಾತು: ಕೆಡವಿ ಹೊಸದು ಕಟ್ಟುವ. ಮುಂಬೈಯಲ್ಲಿ, ದುಬೈಯಲ್ಲಿ ಇರುವ ನಮ್ಮ ಮಕ್ಕಳು ದುಡ್ಡು ಕೊಡುತ್ತಾರೆ. ಕಾಂಕ್ರೀಟ್ ದೇವಾಲಯ, ಕೆಳಗೆ ಪಾರ್ಕಿಂಗ್, ಮೇಲೆ ಐನೂರು ಜನ ಕೂರುವ ಜಾಗ. ಒಬ್ಬರು ಮೊಬೈಲಿನಲ್ಲಿ ಎಲಿವೇಶನ್ ಚಿತ್ರವನ್ನೂ ತಂದಿದ್ದರು. ಬೇಡ ಅಂದವರು ಏಳೆಂಟು ಮಂದಿ, ಹೆಚ್ಚಿನವರು ವಯಸ್ಸಾದವರು. "ನಮ್ಮ ಮದುವೆ ಆದದ್ದು ಇಲ್ಲಿ" ಎನ್ನುವುದು ಬಿಟ್ಟರೆ ಅವರ ಹತ್ತಿರ ಬೇರೆ ವಾದ ಇರಲಿಲ್ಲ.

ಒಬ್ಬ ಹುಡುಗ ಒಡೆದ ಹಂಚೊಂದನ್ನು ಎತ್ತಿ ತೋರಿಸಿದ. ಅದರ ಮೇಲೆ 1865 ಅಂತ ಅಚ್ಚಿತ್ತು. "ನೋಡಿ, ನೂರೈವತ್ತು ವರ್ಷ ಹಳೇದು, ಇನ್ನೆಷ್ಟು ವರ್ಷ ಬಾಳ್ತದೆ?" ಸಭೆಯ ಇನ್ನೊಂದು ಮೂಲೆಯಲ್ಲಿ ಅದೇ ಹಂಚು ಹಿಡಿದುಕೊಂಡು, ಇಷ್ಟು ಹಳೇದನ್ನು ಕೆಡವುದು ಪಾಪ ಅಂತ ಇನ್ನೊಬ್ಬರ ವಾದ. ಇಬ್ಬರದೂ ತಪ್ಪು. 1865 ಅಂದರೆ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಅದನ್ನೇ ಗುರುತಾಗಿ ಹಂಚಿನ ಮೇಲೆ ಒತ್ತುತ್ತಿದ್ದರು. ನಮ್ಮ ಮಾಡು ಅದಕ್ಕಿಂತ ಎಷ್ಟೋ ಈಚಿನದು. ಹೇಳಿದೆ. ಇಬ್ಬರಿಗೂ ಬೇಜಾರಾಯಿತು.

ನಾನು ಅವತ್ತು ಕೆಡವಬೇಡಿ ಅಂತಲೂ ಹೇಳಲಿಲ್ಲ, ಕೆಡವಿ ಅಂತಲೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಕೆಡವುವುದೇ ಸುಲಭ ಅನ್ನಿಸಿತ್ತು. ಹೊಸ ಕಟ್ಟಡದ ಲೆಕ್ಕ ನನಗೆ ಬಾಯಿಪಾಠ. ಹಳೇ ಗೋಡೆಯ ಲೆಕ್ಕ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ಗೋಡೆಗೆ ಏನಾಗಿದೆ ಅಂತ ನೋಡಲು ಅಕ್ಟೋಬರ್ ತನಕ ಟೈಮ್ ಕೇಳಿದೆ. ಅಲ್ಲಿವರೆಗೆ ಉತ್ತರದ ಬೆಂಚುಗಳನ್ನು ಮಧ್ಯಕ್ಕೆ ಸರಿಸಿ ಹಗ್ಗ ಕಟ್ಟಿದೆವು.

ಮಳೆ ನಿಂತ ಮೇಲೆ ಒಂದು ಶನಿವಾರ, ಸಭೆಯವರು ಎಲ್ಲರೂ ಬನ್ನಿ ಅಂತ ಹೇಳಿ ಗೋಡೆಯನ್ನು ಮೂರು ಕಡೆ ಬಿಚ್ಚಿಸಿದೆ. ಒಂದೊಂದು ಕಡೆ ಎರಡಡಿ ಉದ್ದ, ಎರಡಡಿ ಅಗಲ. ನಾನೊಬ್ಬನೇ ನೋಡಿ ವರದಿ ಬರೆದರೆ ಯಾರೂ ಓದುವುದಿಲ್ಲ ಅಂತ ಗೊತ್ತಿತ್ತು. ಎಪ್ಪತ್ತು ಜನ ಬಂದರು. ಚಾ, ಬನ್ಸ್ ಇತ್ತು, ಅದೂ ಒಂದು ಕಾರಣ.

ಮೊದಲನೆಯದು ಉತ್ತರದ ಗೋಡೆಯ ಬುಡ. ಮೇಸ್ತ್ರಿ ಉಳಿ ಇಟ್ಟು ಎರಡೇಟು ಕೊಟ್ಟದ್ದೇ ತಡ, ಸಿಮೆಂಟ್ ಸಾರಣೆ ಹಲಗೆಯ ಹಾಗೆ ಇಡಿಯಾಗಿ ಎದ್ದು ಬಂತು. ಹಿಂದೆ ಕಲ್ಲಿನ ಮುಖವೇ ಇಲ್ಲ. ಕೆಂಪು ಕೆಸರು. ಸ್ಕ್ರೂಡ್ರೈವರ್ ಒತ್ತಿದೆ, ಎರಡಿಂಚು ಸಲೀಸಾಗಿ ಒಳಗೆ ಹೋಯಿತು. ನಿವೃತ್ತ ಟೀಚರ್ ಒಬ್ಬರು ಬೆರಳು ಹಾಕಿ ಉಜ್ಜಿ ನೋಡಿ, "ಇದು ಗೋಡೆಯಾ, ಗದ್ದೆಯಾ?" ಅಂದರು.

ಎರಡನೆಯದು ಅದೇ ಗೋಡೆಯಲ್ಲಿ ಏಳಡಿ ಮೇಲೆ. ಅಲ್ಲಿ ಕಲ್ಲು ಒಣಗಿತ್ತು, ಗಟ್ಟಿ ಇತ್ತು.

ಮೂರನೆಯದು ಬಲಿಪೀಠದ ಹಿಂದಿನ ಕೋಣೆ. ಹಳೇ ಹಾರ್ಮೋನಿಯಂ, ಕ್ರಿಸ್‌ಮಸ್ ನಾಟಕದ ಗಡ್ಡ ಮೀಸೆ, ಮುರಿದ ಕುರ್ಚಿ ಎಲ್ಲ ತುಂಬಿದ ಕೋಣೆ. ಆ ಗೋಡೆಗೆ ಮಾತ್ರ ಹಳೇ ಸುಣ್ಣದ ಸಾರಣೆಯೇ ಇತ್ತು. ನೋಡಲು ಅಸಹ್ಯ, ಅಲ್ಲಲ್ಲಿ ಉದುರಿತ್ತು. ಉಳಿ ಹಾಕಿದರೆ ಕಲ್ಲು ಟಣ್ ಅಂತ ಸದ್ದು ಮಾಡಿತು. ಇಡೀ ದೇವಾಲಯದಲ್ಲಿ ಆರೋಗ್ಯವಾಗಿದ್ದ ಗೋಡೆ ಅದೊಂದೇ. ಅದಕ್ಕೆ ಸಿಮೆಂಟ್ ಯಾಕೆ ಹಾಕಲಿಲ್ಲ ಅಂದರೆ, ಇಪ್ಪತ್ತೆರಡು ವರ್ಷದ ಹಿಂದೆ ಆ ಕೋಣೆಯ ಹತ್ತಿರ ಬರುವಾಗ ದುಡ್ಡು ಮುಗಿದಿತ್ತು.

ಅದು ನನಗೆ ಹೇಗೆ ಗೊತ್ತು ಅಂದರೆ, ಆ ಸಾರಣೆ ಮಾಡಿಸಿದ್ದು ನಾನೇ. ಪ್ರತಿ ಮಳೆಗಾಲ ಸುಣ್ಣ ಉದುರುತ್ತದೆ, ಪ್ರತಿ ಬೇಸಿಗೆ ಸುಣ್ಣ ಹೊಡೆಯಬೇಕು, ಒಂದು ಸಲ ಸಿಮೆಂಟ್ ಹಾಕಿದರೆ ಆ ತಾಪತ್ರಯವೇ ಇಲ್ಲ ಅಂತ ಸಮಿತಿಯಲ್ಲಿ ನಾನೇ ಎದ್ದು ನಿಂತು ಹೇಳಿದ್ದೆ. ಉದುರುವುದೇ ಆ ಸುಣ್ಣದ ಕೆಲಸ ಅಂತ ತಲೆಗೆ ಹೋಗಿರಲಿಲ್ಲ. ಮುರಕಲ್ಲು ನೀರು ಹೀರುವ ಕಲ್ಲು. ಹೀರಿದ್ದು ಹೊರಗೆ ಹೋಗಲು ದಾರಿ ಬೇಕು. ಸುಣ್ಣ ಆ ದಾರಿ ಬಿಡುತ್ತದೆ, ತಾನು ಸವೆದು ಕಲ್ಲನ್ನು ಉಳಿಸುತ್ತದೆ. ಸಿಮೆಂಟ್ ಬಾಗಿಲು ಹಾಕಿಬಿಡುತ್ತದೆ. ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಸಣ್ಣ ಬಿರುಕು ಸಾಕು, ನೀರು ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ.

ಸಾಲದ್ದಕ್ಕೆ ಹತ್ತು ವರ್ಷದ ಹಿಂದೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೆವು. ಮಣ್ಣು ತುಂಬಿಸಿ, ಮಟ್ಟ ಮಾಡಿ, ಇಟ್ಟಿಗೆ ಕೂರಿಸಿ. ಹೊರಗಿನ ನೆಲ ಪಂಚಾಂಗಕ್ಕಿಂತ (ಗೋಡೆ ನಿಂತ ತಳಪಾಯದ ಕಟ್ಟೆಗಿಂತ) ನಾಲ್ಕಿಂಚು ಮೇಲೆ ಬಂದಿತ್ತು. ಮಾಡಿನ ನೀರೆಲ್ಲ ಇಂಟರ್‌ಲಾಕ್ ಮೇಲೆ ಬಿದ್ದು ಸೀದಾ ಗೋಡೆಯ ಬುಡಕ್ಕೆ ಹೋಗುತ್ತಿತ್ತು. ಕಾರು ನಿಲ್ಲಿಸಲು ಚೆನ್ನಾಗಿತ್ತು ಅನ್ನಿ.

ಇಷ್ಟನ್ನೂ ಅವತ್ತು ಎಲ್ಲರ ಎದುರೇ ಹೇಳಿದೆ. ಹೇಳಿ ಮುಗಿಸುವಾಗ ಅಂಗಿ ಬೆವರಿನಲ್ಲಿ ಒದ್ದೆ. ಹಿಂದಿನಿಂದ ಒಬ್ಬರು ಕೇಳಿದರು: "ಅಲ್ಲ ಮಾರಾಯ್ರೇ, ಅವತ್ತು ಸಿಮೆಂಟ್ ಹಾಕಿ ಅಂದದ್ದು ನೀವು. ಇವತ್ತು ತೆಗೀರಿ ಅನ್ನುದೂ ನೀವು. ನಾವು ಹೇಗೆ ನಂಬುದು?"

ಸರಿಯಾದ ಪ್ರಶ್ನೆ. ನಂಬಬೇಡಿ ಅಂದೆ. ಒಂದು ಮಳೆಗಾಲ ಪರೀಕ್ಷೆ ಮಾಡುವ, ಆಮೇಲೆ ಓಟು ಹಾಕುವ ಅಂದೆ. ಕೆಡವುವ ಪಕ್ಷದವರು ಒಪ್ಪಿದ್ದು ನನಗೆ ಆಶ್ಚರ್ಯ. ದುಬೈಯಿಂದ ದುಡ್ಡು ಒಟ್ಟಾಗಲು ಅವರಿಗೂ ಒಂದು ವರ್ಷ ಬೇಕಿತ್ತು ಅಂತ ಆಮೇಲೆ ಗೊತ್ತಾಯಿತು.

ಉತ್ತರದ ಗೋಡೆಯಲ್ಲಿ ಎರಡು ಕಿಟಕಿಗಳ ನಡುವಿನ ಒಂದು ಅಂಕಣ ಆರಿಸಿಕೊಂಡೆವು. ಅದರ ಎದುರಿನ ಇಂಟರ್‌ಲಾಕ್ ಕಿತ್ತು, ಮಣ್ಣು ತೆಗೆದು, ನೀರು ಓಡುವ ಹಾಗೆ ಚರಂಡಿ ಮಾಡಿದೆವು. ಒಳಗೂ ಹೊರಗೂ ಸಿಮೆಂಟ್ ಕೆರೆದು ಬೇಸಿಗೆ ಇಡೀ ಗೋಡೆಯನ್ನು ಬೆತ್ತಲೆ ಬಿಟ್ಟೆವು. ಮಾರ್ಚ್ ಕೊನೆಗೆ ಸುಣ್ಣದ ಸಾರಣೆ. ಪಕ್ಕದ ಅಂಕಣವನ್ನು ಮುಟ್ಟಲಿಲ್ಲ.

ಸುಣ್ಣದ ಕೆಲಸ ಗೊತ್ತಿದ್ದ ಮೇಸ್ತ್ರಿ ಸಿಗುವುದೇ ಕಷ್ಟವಾಯಿತು. ಕೊನೆಗೆ ಎಪ್ಪತ್ತು ದಾಟಿದ ಒಬ್ಬರು ಸಿಕ್ಕಿದರು. ಕೈ ನಡುಗುತ್ತಿತ್ತು, ಬಾಯಿ ಜೋರಿತ್ತು. ಚಿಪ್ಪಿನ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ವಾರಗಟ್ಟಲೆ ಕೊಳೆಸಬೇಕು ಅಂದರು. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಹತ್ತನೇ ದಿನಕ್ಕೇ ಮರಳು ಕಲಸಿಸಿದೆ. ಬಿಸಿಲಿಗೆ ಮರೆ ಕಟ್ಟುವುದನ್ನೂ ಮರೆತೆ. ಮೂರನೇ ದಿನ ಸಾರಣೆಯ ತುಂಬ ಜೇಡನ ಬಲೆಯ ಹಾಗೆ ಬಿರುಕು. ಅಜ್ಜ ಬಂದು ನೋಡಿ, ಏನೂ ಹೇಳದೆ, ಕೆರೆಯಲು ಶುರು ಮಾಡಿದರು. ಎರಡನೇ ಸಲ ಅವರು ಹೇಳಿದ ಹಾಗೆ: ಗೋಡೆಯನ್ನು ಚೆನ್ನಾಗಿ ನೆನೆಸಿ, ತೆಳು ತೆಳುವಾಗಿ ಎರಡು ಪದರ, ಮೇಲೆ ಒದ್ದೆ ಗೋಣಿ. ಬೆಲ್ಲದ ನೀರನ್ನೂ ಹಾಕಿಸಿದರು. ಯಾಕೆ ಅಂತ ಕೇಳಿದರೆ "ನಮ್ಮ ಅಪ್ಪ ಹಾಕ್ತಿದ್ರು" ಅಂದರು. ಸಾರಣೆ ನಿಂತಿತು.

ಜೂನ್‌ನಿಂದ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಎರಡೂ ಅಂಕಣಗಳಲ್ಲಿ ತೇವ ಎಲ್ಲಿವರೆಗೆ ಏರಿದೆ ಅಂತ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯುವುದು. ಗೆರೆ ಎಳೆಯುವ ಕೆಲಸ ಭಾನುವಾರ ಶಾಲೆಯ ಮಕ್ಕಳದು. ಜಗಳ ಮಾಡುವ ದೊಡ್ಡವರಿಗೆ ಪೆನ್ಸಿಲ್ ಕೊಟ್ಟರೆ ಗೆರೆಯೂ ಪಕ್ಷಪಾತಿ ಆಗುತ್ತದೆ, ಅಲ್ವಾ? ಆಗಸ್ಟ್ ಹೊತ್ತಿಗೆ ಹಳೇ ಅಂಕಣದ ಗೆರೆ ನನ್ನ ಭುಜಕ್ಕೆ ಬಂದಿತ್ತು. ಹೊಸ ಅಂಕಣದ್ದು ಮೊಣಕಾಲಿಗೆ ನಿಂತಿತ್ತು.

ಈ ನಡುವೆ ವಾಟ್ಸಾಪ್ ಗುಂಪಿನಲ್ಲಿ ಶೆಟ್ಟಿಹಳ್ಳಿಯ ಫೋಟೋಗಳು ಓಡಾಡುತ್ತಿದ್ದವು. ಹಾಸನದ ಹತ್ತಿರ ಹೇಮಾವತಿ ಜಲಾಶಯದಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಚರ್ಚು ಅದು. ಫ್ರೆಂಚ್ ಮಿಶನರಿಗಳು ಕಟ್ಟಿದ್ದು. ಮಾಡು ಇಲ್ಲ, ಕಮಾನುಗಳು ಮಾತ್ರ. ಮದುವೆಗೆ ಮುಂಚಿನ ಫೋಟೋ ತೆಗೆಸಲು ಜನ ಅಲ್ಲಿಗೆ ಹೋಗುತ್ತಾರೆ. ನಮ್ಮದನ್ನು ಕೆಡವಬೇಕು ಅಂದವರೇ ಅದರ ಫೋಟೋಗೆ ಹೃದಯದ ಚಿತ್ರ ಒತ್ತುತ್ತಿದ್ದರು. ಸತ್ತ ಚರ್ಚನ್ನು ಎಲ್ಲರೂ ಪ್ರೀತಿಸುತ್ತಾರೆ, ಅದರ ಶೌಚಾಲಯ ತೊಳೆಯಬೇಕಿಲ್ಲವಲ್ಲ. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚಿನ ಹಾಗೆ ಮ್ಯೂಸಿಯಂ ಮಾಡಬಹುದಲ್ವಾ ಅಂತ ಒಬ್ಬ ಹುಡುಗಿ ಕೇಳಿದಳು. ಅಲ್ಲಿ ಆರಾಧನೆ ನಿಂತಿದೆ. ನಮ್ಮಲ್ಲಿ ಕ್ರಿಸ್‌ಮಸ್‌ಗೆ ನಿಲ್ಲಲೂ ಜಾಗ ಸಾಲುವುದಿಲ್ಲ.

ಗೋಡೆ ಹಾಗೇ ಇಟ್ಟು ಮೇಲೆ ಸ್ಲ್ಯಾಬ್ ಹಾಕುವ ಅನ್ನುವ ರಾಜಿ ಸೂತ್ರವೂ ಬಂತು. ಬೋರ್ಡಿನಲ್ಲಿ ಲೆಕ್ಕ ಬರೆದು ತೋರಿಸಿದೆ. ಹಂಚು ಒಂದು ಚದರ ಮೀಟರಿಗೆ ಸುಮಾರು ನಲವತ್ತೈದು ಕಿಲೋ, ಹಂಚು ಹೊರುವ ಮರದ ಪಕ್ಕಾಸು ರೀಪು ಸೇರಿದರೆ ಇನ್ನಷ್ಟು. ಐದಿಂಚಿನ ಕಾಂಕ್ರೀಟ್ ಮುನ್ನೂರು ಕಿಲೋ ಮೇಲೆ. ನೆನೆದ ಮುರಕಲ್ಲಿಗೆ ಒಣ ಕಲ್ಲಿನ ಬಲ ಇರುವುದಿಲ್ಲ. ಆ ಸೂತ್ರ ಅಲ್ಲಿಗೆ ಬಿತ್ತು.

ಆದರೆ ಓಟನ್ನು ತಿರುಗಿಸಿದ್ದು ಪೆನ್ಸಿಲ್ ಗೆರೆಯೂ ಅಲ್ಲ, ನನ್ನ ಲೆಕ್ಕವೂ ಅಲ್ಲ. ಹೊಸ ದೇವಾಲಯದ ನಕ್ಷೆಯನ್ನು ಜಾಗದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆಸಿದೆ. ಐನೂರು ಜನರ ಕಟ್ಟಡ ಪೂರ್ವಕ್ಕೆ ಸಮಾಧಿಗಳ ಮೇಲೆ ಹೋಯಿತು. ಎರಡು ಸಾಲು ಗೋರಿ ತೆಗೆಯಬೇಕು. ಗೆರೆ ತನ್ನ ಅಮ್ಮನ ಗೋರಿಯ ಮಧ್ಯದಲ್ಲಿ ಹೋದದ್ದನ್ನು ನೋಡಿದವರು ಒಬ್ಬರು ಕೆಡವುವ ಪಕ್ಷದ ಮುಂದಾಳು. ಅವರು ಏನೂ ಮಾತಾಡಲಿಲ್ಲ. ಚಪ್ಪಲಿಯಿಂದ ಆ ಗೆರೆಯನ್ನು ಮೆಲ್ಲ ಅಳಿಸಿದರು.

ಅವರ ಪಕ್ಷ ಕೇಳಿದ್ದು ಸುಳ್ಳು ಬೇಡಿಕೆಗಳಲ್ಲ. ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಗಾಲಿಕುರ್ಚಿ ಹತ್ತಿಸಲು ದಾರಿ ಇರಲಿಲ್ಲ. ಮದುವೆ ಊಟಕ್ಕೆ ಪೇಟೆಯ ಹಾಲ್ ಬಾಡಿಗೆ ಹಿಡಿಯಬೇಕಿತ್ತು. ಉಳಿಸುವವರು ಇದನ್ನೆಲ್ಲ ಒಂದು ದಿನವೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹಾಗಾಗಿ ಠರಾವನ್ನೇ ಬದಲಾಯಿಸಿದೆವು: ದೇವಾಲಯ ರಿಪೇರಿ, ಹಿಂದಿನ ತೆಂಗಿನ ತೋಟದಲ್ಲಿ ಶೌಚಾಲಯ ಇರುವ ಸಾದಾ ಹಾಲ್, ದಕ್ಷಿಣದ ಬಾಗಿಲಿಗೆ ಇಳಿಜಾರು. ಅಕ್ಟೋಬರಿನಲ್ಲಿ ಚೀಟಿ ಹಾಕಿ ಓಟು. 112 ಪರ, 79 ವಿರೋಧ. ಆಸ್ತಿ ಟ್ರಸ್ಟಿನ ಹೆಸರಲ್ಲಿರುವುದರಿಂದ ಮೇಲಿನ ಕಚೇರಿಯ ಒಪ್ಪಿಗೆ ಬೇಕಿತ್ತು. ಅದಕ್ಕೆ ಅಲೆದದ್ದನ್ನು ಬರೆದರೆ ಇನ್ನೊಂದು ಲೇಖನ ಆಗುತ್ತದೆ.

ಓಟಿನ ಮಾರನೇ ದಿನವೇ ದುಬೈ ದುಡ್ಡು ಅರ್ಧಕ್ಕೆ ಇಳಿಯಿತು. ಹೊಸ ಕಟ್ಟಡಕ್ಕಾದರೆ ಹೆಸರಿನ ಕಲ್ಲು ಹಾಕಬಹುದು. ಚರಂಡಿಗೆ ಯಾರು ಹೆಸರು ಹಾಕಿಸಿಕೊಳ್ಳುತ್ತಾರೆ? ಆಗ ಟೀಚರಮ್ಮ ಒಂದು ಉಪಾಯ ಹೇಳಿದರು. ಮನೆಗೊಂದು ಪಕ್ಕಾಸು. ಹೆಸರು ಮರದ ಮೇಲಲ್ಲ, ನೋಟ್‌ಬುಕ್ಕಿನಲ್ಲಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದೇ ಚೀನಿಕಾಯಿಯನ್ನು (ಸಿಹಿಗುಂಬಳವನ್ನು) ಕೊಂಡವರು ಕೊಂಡವರು ವಾಪಸ್ ಕೊಟ್ಟು, ಹನ್ನೊಂದು ಸಲ ಕೂಗಿದರು. ಹನ್ನೊಂದನೇ ಸಲ ಕೊಂಡವರು ಅದನ್ನು ಮನೆಗೆ ಒಯ್ಯುವಾಗ ತೊಟ್ಟೇ ಇರಲಿಲ್ಲ.

ಮಾಡು ಬಿಚ್ಚಿದಾಗ ಮರದಲ್ಲಿ ನಾವು ಹೆದರಿದಷ್ಟು ಗೆದ್ದಲು ಇರಲಿಲ್ಲ. ಗೋಡೆಯ ತಲೆಯ ಮೇಲೆ ಮಲಗಿಸಿದ ತೊಲೆ ಮಾತ್ರ ಉತ್ತರದ ಕಡೆ ಪೂರ್ತಿ ಹೋಗಿತ್ತು. ಆಚಾರಿ ಕೈಯಲ್ಲೇ ಪುಡಿ ಮಾಡಿ ತೋರಿಸಿದರು. ಹಂಚುಗಳನ್ನು ಒಂದೊಂದಾಗಿ ಇಳಿಸಿ, ತೊಳೆದು, ಬೆರಳಲ್ಲಿ ತಟ್ಟಿ ಸದ್ದು ಕೇಳಿ ವಿಂಗಡಿಸಿದೆವು. ಮುಕ್ಕಾಲು ಭಾಗ ವಾಪಸ್ ಹೋಯಿತು. ಕಡಿಮೆ ಬಿದ್ದದ್ದಕ್ಕೆ ಕೆಡವಿದ ಮನೆಗಳ ಹಳೇ ಹಂಚು ಕೊಂಡೆವು. ಎಲ್ಲವನ್ನೂ ಉಳಿಸಲಿಲ್ಲ. ಹಿಂದಿನ ಮರದ ಬಾಲ್ಕನಿ ರಿಪೇರಿಗೆ ಮೀರಿತ್ತು, ತೆಗೆಸಿದೆ. ಗಾಯನ ವೃಂದದವರು ಇನ್ನೂ ನನ್ನನ್ನು ಕ್ಷಮಿಸಿಲ್ಲ. ಓಟಿನಲ್ಲಿ ಸೋತ ಎರಡು ಮನೆಯವರು ಬೇರೆ ಸಭೆಗೆ ಹೋದರು. ಒಂದು ಮನೆಯವರು ವಾಪಸ್ ಬಂದಿದ್ದಾರೆ.

ಕೆಲಸ ಮುಗಿದು ಈಗ ಎರಡು ಮಳೆಗಾಲ. ಮಕ್ಕಳು ಗೆರೆ ಎಳೆಯುವುದನ್ನು ಬಿಟ್ಟಿಲ್ಲ. ಪ್ರತಿ ಬೇಸಿಗೆ ಸುಣ್ಣ ಹೊಡೆಯುವ ಕೆಲಸ ವಾಪಸ್ ಬಂದಿದೆ, ಯುವಜನ ಸಂಘದವರು ಗೊಣಗುತ್ತಲೇ ಹೊಡೆಯುತ್ತಾರೆ. ಗಂಟೆ ಗೋಪುರದ ಕೆಳಗಿನ ಮೂಲೆಯಲ್ಲಿ ಮಾತ್ರ ಗೆರೆ ಇನ್ನೂ ಸೊಂಟದ ತನಕ ಬರುತ್ತಿದೆ. ಮೇಲೆ ಎಲ್ಲೋ ನೀರು ಇಳಿಯುತ್ತಿರಬೇಕು. ನವೆಂಬರಿನಲ್ಲಿ ಏಣಿ ಹಾಕಿ ನೋಡಬೇಕು.